ರೆಮ್ ನಿದ್ರೆ, ಖಿನ್ನತೆ ಮತ್ತು ಮಿದುಳಿನ ನ್ಯೂರೋಪೆಪ್ಟೈಡ್‌ಗಳು

ಚಾರ್ಮಾಡಿ ಘಾಟಿ ಏರಿದ ವಾಹನ ಕೊಟ್ಟಿಗೆಹಾರದಲ್ಲಿ ನಿಂತಾಗ ಚಾಲಕರು ಮೊದಲು ಕೇಳುವುದು ಬಿಸಿ ಕಾಫಿ. ಅದರ ಕೆಫೀನ್ ತಡೆಯುವುದು ಮಿದುಳಿನಲ್ಲಿ ನಿದ್ದೆ ತರಿಸುವ ಅಡೆನೋಸಿನ್‌ನ ಕೆಲಸವನ್ನು. ನೆನಪಿಡಿ: ಅಡೆನೋಸಿನ್ ನ್ಯೂರೋಪೆಪ್ಟೈಡ್ ಅಲ್ಲ.

ನ್ಯೂರೋಪೆಪ್ಟೈಡ್: ನರಕೋಶಗಳು ಸಂದೇಶಕ್ಕೆ ಬಳಸುವ, ಅಮೈನೊ ಆಮ್ಲಗಳ ಕಿರುಸರಪಳಿ.

ರೆಮ್ ನಿದ್ರೆ: ಕಣ್ಣುಗುಡ್ಡೆ ವೇಗವಾಗಿ ಚಲಿಸುವ, ಕನಸುಗಳು ಹೆಚ್ಚಾಗಿ ಬೀಳುವ ಹಂತ. ಇದನ್ನು 1953ರಲ್ಲಿ ವಿಜ್ಞಾನಿಗಳಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು.

ಮುಖ್ಯಾಂಶಗಳು
- ಒರೆಕ್ಸಿನ್ (ಹೈಪೊಕ್ರೆಟಿನ್): 1998ರಲ್ಲಿ ಪತ್ತೆ, ಹೈಪೊಥಲಾಮಸ್‌ನಲ್ಲಿ ಉತ್ಪತ್ತಿ. ಎಚ್ಚರವನ್ನು ಕಾಯುತ್ತದೆ, ರೆಮ್ ತಡೆಯುತ್ತದೆ. ಇದರ ಕೊರತೆಯಿಂದ ನಾರ್ಕೊಲೆಪ್ಸಿ (ಹಗಲಲ್ಲೂ ತಡೆಯಲಾಗದ ನಿದ್ದೆ ಬರುವ ಕಾಯಿಲೆ).
- ಎಂಸಿಎಚ್ (ಮೆಲನಿನ್ ಕಾನ್ಸೆಂಟ್ರೇಟಿಂಗ್ ಹಾರ್ಮೋನ್): 19 ಅಮೈನೊ ಆಮ್ಲಗಳು, ರೆಮ್ ನಿದ್ರೆಗೆ ಪೂರಕ. ಪ್ರಾಣಿ ಪ್ರಯೋಗಗಳಲ್ಲಿ ಖಿನ್ನತೆಯಂಥ ವರ್ತನೆಯನ್ನೂ ಹೆಚ್ಚಿಸಿದೆ.
- ಸಿಆರ್‌ಎಚ್: ಕಾರ್ಟಿಕೊಟ್ರೋಪಿನ್ ರಿಲೀಸಿಂಗ್ ಹಾರ್ಮೋನ್ ಎಂಬ ಒತ್ತಡದ ಪೆಪ್ಟೈಡ್, ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಅನ್ನು ಏರಿಸುತ್ತದೆ.
- ಆರೋಗ್ಯವಂತರಲ್ಲಿ ನಿದ್ರೆ ಹತ್ತಿದ ಸುಮಾರು 90 ನಿಮಿಷಕ್ಕೆ ರೆಮ್ ಆರಂಭ. ಖಿನ್ನತೆ ಇರುವ ಹಲವರಲ್ಲಿ ಇನ್ನೂ ಬೇಗ.

ಕರ್ನಾಟಕ: ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ (ಸ್ಥಾಪನೆ 1974) 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಮಾನಸಿಕ ಆರೋಗ್ಯ ಸೇವೆಯ ಕೇಂದ್ರ ಸಂಸ್ಥೆ.

ಅಭ್ಯರ್ಥಿಗಳೇ, ಓದಿಗಾಗಿ ನಿದ್ರೆ ಬಲಿಕೊಡಬೇಡಿ. ಬೇಸರ, ನಿದ್ರಾಹೀನತೆ ಎರಡು ವಾರ ಮೀರಿದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ.