ಮನುಷ್ಯನ ದೇಹಕ್ಕೆ ತಾನಾಗಿ ಬೆಂಕಿ ಹತ್ತುವುದುಂಟೆ?

ಯಾರೂ ಕಿಡಿ ಸೋಕಿಸದೆ ತಾವಾಗಿಯೇ ಹೊತ್ತಿಕೊಳ್ಳುವ ಪದಾರ್ಥಗಳು ಲೋಕದಲ್ಲಿ ಉಂಟು. ಅರಸೀಕೆರೆಯ ಮಾರುಕಟ್ಟೆಗೆ ಬರುವ ಕೊಬ್ಬರಿಯನ್ನೇ ನೋಡೋಣ. ಸರಿಯಾಗಿ ಒಣಗದ ಕೊಬ್ಬರಿಯನ್ನು ಗಾಳಿಯಾಡದ ಕಡೆಯಲ್ಲಿ ರಾಶಿ ಹಾಕಿದರೆ ಬೂಷ್ಟು ಹಿಡಿದು ಒಳಗೊಳಗೇ ಬಿಸಿಯೇರುವುದು. ಅದರ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಆ ಬಿಸಿಯನ್ನು ಇನ್ನೂ ಹೆಚ್ಚಿಸುವುದು. ಆದಕಾರಣ ಹಡಗಿನ ಸರಕುಗಳ ಅಂತರರಾಷ್ಟ್ರೀಯ ನಿಯಮಗಳು ಕೊಬ್ಬರಿಯನ್ನು ತಾನಾಗಿ ಹೊತ್ತಬಹುದಾದ ವಸ್ತುಗಳ ವರ್ಗದಲ್ಲಿ ಸೇರಿಸಿವೆ. ಬೇಲೂರು, ಹಳೇಬೀಡುಗಳ ಕಡೆಯ ರೈತರು ಹಸಿ ಹುಲ್ಲನ್ನು ಬಣವೆ ಒಟ್ಟದಿರುವುದಕ್ಕೂ ಇಂಥದೇ ಕಾರಣವುಂಟು. ಹುಟ್ಟಿದ ಶಾಖವು ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಬೆಂಕಿಯಾಗುವುದು.

ಹಾಗಾದರೆ ಮನುಷ್ಯನ ದೇಹವೂ ಹೀಗೆ ಹೊತ್ತಬಹುದೆ? ಮದ್ಯಪಾನಿಗಳ ದೇಹವು ಹಾಗೆ ಉರಿದುಹೋಗುವುದೆಂದು ಯೂರೋಪಿನಲ್ಲಿ ಬಹುಕಾಲ ಅನೇಕರು ನಂಬಿದ್ದರು. ಡಿಕನ್ಸ್ ಮಹಾಶಯನು 1852–53ರಲ್ಲಿ ಪ್ರಕಟಿಸಿದ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಕುಡುಕ ಮುದುಕನೊಬ್ಬನಿಗೆ ಇಂಥ ಮರಣವನ್ನೇ ಕಲ್ಪಿಸಿದನು.

ಆದರೆ ದೇಹದ ರಚನೆಯೇ ಈ ನಂಬಿಕೆಗೆ ವಿರೋಧವಾಗಿದೆ. ಪ್ರಾಯದ ಮನುಷ್ಯನ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರು. ರಕ್ತವೂ ಬೆವರೂ ಒಳಗಿನ ಶಾಖವನ್ನು ಎಡೆಬಿಡದೆ ಹೊರಗೆ ಸಾಗಿಸಿ ದೇಹವನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತವೆ. ಬಣವೆಗೆ ಈ ಏರ್ಪಾಡಿಲ್ಲ. ಸಾಯುವಷ್ಟು ಕುಡಿದವನ ರಕ್ತದಲ್ಲಿಯೂ ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲನ್ನು ಮುಟ್ಟುವುದಿಲ್ಲ. ಶವದಹನಕ್ಕೆ ಎಷ್ಟು ಸೌದೆ ಬೇಕಾಗುವುದೆಂಬುದನ್ನು ನಾವೆಲ್ಲರೂ ಬಲ್ಲೆವು.

ದೇಹವು ಬೂದಿಯಾಗಿಯೂ ಕೋಣೆಯ ಸಾಮಾನು ಸುಡದೆ ಉಳಿದ ಪ್ರಸಂಗಗಳಿಗೆ ಏನನ್ನಬೇಕು? ನಮ್ಮ ಮನೆಯ ಹಣತೆಯೇ ಇದಕ್ಕೆ ಉತ್ತರ ಹೇಳುವುದು. ಬತ್ತಿಯು ಎಣ್ಣೆಯನ್ನು ಹೀರಿ ಸಣ್ಣ ಉರಿಯಾಗಿ ಬಹು ಹೊತ್ತು ಉರಿಯುವುದು. ಎಚ್ಚರದಪ್ಪಿದ ಅಥವಾ ಸತ್ತ ಮನುಷ್ಯನ ಬಟ್ಟೆಗೆ ಕಿಡಿ ಬಿದ್ದರೆ, ಕರಗಿದ ಕೊಬ್ಬು ಎಣ್ಣೆಯಂತೆಯೂ ಬಟ್ಟೆ ಬತ್ತಿಯಂತೆಯೂ ಆಗುವುವು. 1998ರಲ್ಲಿ ಅಮೆರಿಕದ ಬೆಂಕಿ ತಜ್ಞ ಜಾನ್ ಡಿಹಾನ್ ಎಂಬವರು ಸತ್ತ ಹಂದಿಯನ್ನು ಕಂಬಳಿಯಲ್ಲಿ ಸುತ್ತಿ ಬೆಂಕಿಯಿಟ್ಟು ನೋಡಿದಾಗ, ಅದು ಹಲವು ತಾಸು ಮೆಲ್ಲನೆ ಉರಿದು ಎಲುಬುಗಳೂ ಪುಡಿಯಾದುವು. ಆದರೆ ಮೊದಲ ಕಿಡಿಯು ಹೊರಗಿನಿಂದಲೇ ಬರಬೇಕಾಯಿತೆಂಬುದನ್ನು ಮರೆಯಬಾರದು.

ಆ ಕಿಡಿ ಎಲ್ಲಿಂದ ಬಂತೆಂದು ಕೇಳದಿದ್ದರೆ ನ್ಯಾಯಕ್ಕೇ ಹಾನಿ. 1847ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಗೋರ್ಲಿಟ್ಸ್ ಮನೆತನದ ಕುಲೀನ ಸ್ತ್ರೀಯೊಬ್ಬಳು ತನ್ನ ಕೋಣೆಯಲ್ಲಿ ಸುಟ್ಟು ಸತ್ತಿದ್ದಳು. ತಾನಾಗಿ ಹತ್ತಿದ ಬೆಂಕಿಯೆಂಬ ಅಭಿಪ್ರಾಯವೂ ಹುಟ್ಟಿತು. 1850ರ ವಿಚಾರಣೆಯಲ್ಲಿ ರಸಾಯನಶಾಸ್ತ್ರಜ್ಞ ಲೀಬಿಗ್ ಅದು ಅಸಾಧ್ಯವೆಂದು ಸಾಕ್ಷಿ ನುಡಿದನು. ಮನೆಯ ಸೇವಕನೇ ಕೊಲೆಗಾರನೆಂದು ತೀರ್ಪಾಯಿತು.

ನಮ್ಮ ನೆರೆಯಲ್ಲಿಯೂ ಇಂಥ ಸಂಗತಿ ನಡೆಯಿತು. 2013ರಲ್ಲಿ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಎಳೆಯ ಮಗುವೊಂದಕ್ಕೆ ಹಲವು ಸಾರಿ ತಾನಾಗಿ ಬೆಂಕಿ ಹತ್ತಿತೆಂಬ ಸುದ್ದಿ ಹಬ್ಬಿ ಊರವರು ಭಯಪಟ್ಟರು. ಚೆನ್ನೈನ ಕೀಳ್ಪಾಕ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಪರೀಕ್ಷಿಸಲಾಗಿ ಮಗುವಿನ ದೇಹದಲ್ಲಿ ಅಸಹಜವಾದುದೇನೂ ಕಾಣಲಿಲ್ಲ. ಬೆಂಕಿಯು ಮಗುವಿನ ಒಳಗೇ ಇದೆಯೆಂದು ನಂಬಿದರೆ ಹೊರಗಿನ ಬೆಂಕಿಯಿಂದ ಅದನ್ನು ಕಾಯುವವರಾರು? ಕಲಬುರಗಿ, ಬೀದರ ಸೀಮೆಗಳಲ್ಲಿ ಬಟ್ಟೆಬರೆಗೆ ಬೆಂಕಿ ಹತ್ತಿದಾಗ ಬಾನಾಮತಿಯೆಂದು ಹೇಳಿ ನಿರಪರಾಧಿಗಳ ಮೇಲೆ ತಪ್ಪು ಹೊರಿಸಿದುದೂ ಇಂಥದೇ ಅವಿಚಾರದ ಫಲ.

ಆದುದರಿಂದ ತಾಯಂದಿರಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆಯೇನೆಂದರೆ: ಹೆಣ್ಣುಮಗಳಾಗಲಿ ಕೂಸಾಗಲಿ ಸುಟ್ಟುಕೊಂಡರೆ ‘ಅದು ತಾನಾಗಿ ಹತ್ತಿತು’ ಎಂಬ ಮಾತಿಗೆ ಸುಮ್ಮನಾಗಬೇಡಿರಿ. ಸೆರಗಿಗೆ ಬೆಂಕಿ ತಗುಲಿದರೆ ಓಡದೆ ನೆಲದ ಮೇಲೆ ಉರುಳಬೇಕು. ದಪ್ಪ ಕಂಬಳಿಯಿಂದ ಉರಿಯನ್ನು ನಂದಿಸಬೇಕು. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಟ್ಟು, ಶಾಯಿ ಬೆಣ್ಣೆಗಳನ್ನು ಹಚ್ಚದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬಳಿಕ ಆ ಬೆಂಕಿ ಎಲ್ಲಿಂದ ಬಂತೆಂದು ಶಾಂತವಾಗಿ, ಆದರೆ ಬಿಡದೆ, ವಿಚಾರಿಸಬೇಕು.