ಮಿತ್ರಬಲದ ಪ್ರಶ್ನೆ: ಉದ್ಯೋಗಪರ್ವದಿಂದ ಮೌಸಲಪರ್ವಕ್ಕೆ

ಯುದ್ಧಕ್ಕೆ ಇಳಿದ ಮಿತ್ರನಿಗೆ ಸೇನೆಯ ನೆರವು ಕೊಡಬೇಕೆ, ಕೊಡುವುದಾದರೆ ಯಾವ ರೂಪದಲ್ಲಿ ಕೊಡಬೇಕು ಎಂಬ ಪ್ರಶ್ನೆ ರಾಜನೀತಿಶಾಸ್ತ್ರದಷ್ಟೇ ಹಳೆಯದು. ಕೌಟಿಲ್ಯನು ರಾಜ್ಯದ ಏಳು ಅಂಗಗಳಲ್ಲಿ ಮಿತ್ರನನ್ನು ಒಂದೆಂದು ಎಣಿಸುತ್ತಾನೆ. ಸೇನೆಯ ಆರು ಬಗೆಗಳನ್ನು ಹೇಳುವಾಗ ಮೌಲ, ಭೃತ, ಶ್ರೇಣಿ ಬಲಗಳ ಅನಂತರ ಮಿತ್ರಬಲವನ್ನೂ, ಅದರ ಕೆಳಗೆ ಅಮಿತ್ರ ಮತ್ತು ಅಟವೀ ಬಲಗಳನ್ನೂ ಇರಿಸುತ್ತಾನೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಮೇಲೆ ಈ ವಿಂಗಡಣೆ ವಿದ್ವಾಂಸರಿಗೆ ಚಿರಪರಿಚಿತವಾಗಿದೆ. ಆದರೆ ಶಾಸ್ತ್ರದ ಕಣ್ಣು ಬಹುಮಟ್ಟಿಗೆ ನೆರವನ್ನು ಬಳಸಿಕೊಳ್ಳುವವನ ಲಾಭನಷ್ಟದ ಮೇಲಿದೆ. ನೆರವು ಕೊಟ್ಟವನ ಮನೆಯಲ್ಲಿ ಮುಂದೆ ಏನಾಗುತ್ತದೆ ಎಂಬುದನ್ನು ಕೊನೆಯವರೆಗೂ ಹಿಂಬಾಲಿಸಿ ನೋಡಿದ್ದು ಶಾಸ್ತ್ರವಲ್ಲ, ಮಹಾಭಾರತ. ದ್ವಾರಕೆಯ ಯಾದವರು ಕುರುಪಾಂಡವರಿಬ್ಬರಿಗೂ ಹಂಚಿಕೊಟ್ಟ ನೆರವು ಮೂವತ್ತಾರು ವರ್ಷಗಳ ಅನಂತರ ಪ್ರಭಾಸತೀರ್ಥದಲ್ಲಿ ಅವರ ನಡುವೆಯೇ ಕಲಹವಾಗಿ ಮರಳಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉದ್ಯೋಗಪರ್ವ ಆರಂಭವಾಗುವುದೇ ಒಂದು ಚರ್ಚೆಯಿಂದ. ಉತ್ತರೆ ಅಭಿಮನ್ಯುಗಳ ಮದುವೆ ಮುಗಿದ ಮರುದಿನ ವಿರಾಟನ ಸಭೆಯಲ್ಲಿ ಬಂಧುಗಳೆಲ್ಲ ಸೇರಿದ್ದಾರೆ. ಮೊದಲು ಮಾತಾಡಿದ ಕೃಷ್ಣನು ದುರ್ಯೋಧನನ ಮನಸ್ಸಿನಲ್ಲಿ ಏನಿದೆಯೋ ತಿಳಿಯದು, ಆದ್ದರಿಂದ ಯೋಗ್ಯನಾದ ದೂತನೊಬ್ಬ ಹೋಗಿ ಅರ್ಧರಾಜ್ಯವನ್ನು ಕೇಳಲಿ ಎನ್ನುತ್ತಾನೆ. ಬಲರಾಮನೂ ದೂತನನ್ನು ಕಳುಹಿಸುವುದಕ್ಕೆ ಒಪ್ಪುತ್ತಾನೆ, ಆದರೆ ಕಾರಣ ಬೇರೆ. ಜೂಜು ಬಾರದ ಧರ್ಮರಾಯ ಸೋಲಿಸಬಹುದಾಗಿದ್ದ ಇತರರನ್ನೆಲ್ಲ ಬಿಟ್ಟು ಶಕುನಿಯನ್ನೇ ಎದುರಿಗೆ ಕೂರಿಸಿಕೊಂಡು ಸೋತ; ಇದರಲ್ಲಿ ಶಕುನಿಯ ತಪ್ಪೇನು? ಹೀಗಿರುವಾಗ ದೂತ ಹೋಗಿ ತಲೆಬಾಗಿ ಮಾತಾಡಬೇಕು. ನೆರವು ಕೇಳುವವನು ತನ್ನ ಕಷ್ಟಕ್ಕೆ ತಾನೆಷ್ಟು ಕಾರಣನೆಂಬ ಲೆಕ್ಕವನ್ನು ಮೊದಲು ಒಪ್ಪಿಸಲಿ ಎಂಬುದು ಬಲರಾಮನ ವಾದದ ತಿರುಳು. ಮಿತ್ರನಿಗೆ ಸೇನೆ ಕೊಡುವ ವಿಷಯ ಬಂದಲ್ಲೆಲ್ಲ ಕೇಳಿಬರುವ ಈ ಮಾತನ್ನು ಹೇಡಿತನವೆಂದು ತಳ್ಳಿಹಾಕುವಂತಿಲ್ಲ.

ಸಾತ್ಯಕಿ ಮಾತ್ರ ಹಾಗೆಯೇ ತಳ್ಳಿಹಾಕುತ್ತಾನೆ. ಒಂದೇ ಮರದಲ್ಲಿ ಹಣ್ಣು ಬಿಡುವ ಕೊಂಬೆಯೂ ಇರುತ್ತದೆ, ಬಂಜೆಕೊಂಬೆಯೂ ಇರುತ್ತದೆ ಎಂದು ಅವನು ಬಲರಾಮನ ಮುಖಕ್ಕೇ ಹೇಳುತ್ತಾನೆ. ಇಬ್ಬರೂ ಒಂದೇ ಯಾದವಕುಲದವರು. ಪರರ ಯುದ್ಧದ ಮೇಲಿನ ಚರ್ಚೆ ಸಹಾಯಕರ ಮನೆಯೊಳಗಿನ ಬಿರುಕನ್ನು ತೋರಿಸುವುದು ಇಲ್ಲಿಂದಲೇ, ಒಬ್ಬ ಸೈನಿಕನೂ ಹೊರಡುವುದಕ್ಕೆ ಮುಂಚೆ. ಮುಂದೆ ಪ್ರಭಾಸದಲ್ಲಿ ಕತ್ತಿ ಹಿರಿಯುವವನೂ ಈ ಸಾತ್ಯಕಿಯೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ದ್ರುಪದನದು ಅನುಭವಿ ರಾಜಕಾರಣಿಯ ಮಾತು. ಸಂಧಿಯ ಪ್ರಯತ್ನ ನಡೆಯಲಿ, ಅದರ ಜೊತೆಗೇ ಶಲ್ಯ, ಧೃಷ್ಟಕೇತು, ಕೇಕಯರು ಮೊದಲಾದವರ ಬಳಿಗೆ ವೇಗವಾಗಿ ದೂತರು ಹೋಗಲಿ. ದುರ್ಯೋಧನನೂ ಕಳುಹಿಸುತ್ತಾನೆ, ಸತ್ಪುರುಷರು ಮೊದಲು ಕೇಳಿದವರ ಪಕ್ಷ ವಹಿಸುತ್ತಾರೆ. ಈ ಕೊನೆಯ ಮಾತು ಗಮನಾರ್ಹವಾದುದು. ನ್ಯಾಯ ಯಾರ ಕಡೆಗಿದೆ ಎಂಬುದಕ್ಕಿಂತ ಯಾರು ಮೊದಲು ಬಾಗಿಲು ತಟ್ಟಿದರು ಎಂಬುದು ನೆರವನ್ನು ನಿರ್ಧರಿಸುವ ಲೋಕವೊಂದು ಇದರ ಹಿಂದಿದೆ. ಕೃಷ್ಣನ ಉತ್ತರದಲ್ಲಿ ಎಚ್ಚರವಿದೆ: ನಮಗೆ ಕುರುಗಳಲ್ಲಿಯೂ ಪಾಂಡವರಲ್ಲಿಯೂ ಸಮಾನ ಸಂಬಂಧ, ಮದುವೆಗೆ ಬಂದವರು ನಾವು, ಮದುವೆ ಮುಗಿಯಿತು, ಊರಿಗೆ ಹೋಗುತ್ತೇವೆ; ಸಂಧಿ ಆಗದಿದ್ದರೆ ಉಳಿದವರಿಗೆಲ್ಲ ಹೇಳಿಕಳುಹಿಸಿದ ಮೇಲೆ ನಮ್ಮನ್ನು ಕರೆಯಿರಿ.

ದ್ವಾರಕೆಯ ಪ್ರಸಂಗ ಕನ್ನಡಿಗರಿಗೆ ಹೇಳಿಕೊಡಬೇಕಾದುದಲ್ಲ. ಮಲಗಿದ್ದ ಕೃಷ್ಣನ ತಲೆಯ ಕಡೆ ಮೊದಲು ಬಂದ ದುರ್ಯೋಧನ, ಕಾಲ ಬಳಿ ಆಮೇಲೆ ಬಂದ ಅರ್ಜುನ. ಎಚ್ಚೆತ್ತ ಕೃಷ್ಣನೆದುರು ದುರ್ಯೋಧನ ಮಂಡಿಸುವ ವಾದ ಶತ್ರುಪಕ್ಷದ ದ್ರುಪದನದೇ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಗುರುತಿಸುವುದಿಲ್ಲ. ನಿನಗೆ ನಾವಿಬ್ಬರೂ ಸಮಾನರು, ಮೊದಲು ಬಂದವನು ನಾನು, ಸಜ್ಜನರು ಮೊದಲು ಬಂದವನ ಕಡೆ ನಿಲ್ಲುತ್ತಾರೆ ಎನ್ನುತ್ತಾನೆ. ವಾದ ನಿಯಮಬದ್ಧವಾಗಿದೆ. ಕೃಷ್ಣನು ಅದನ್ನು ಅಲ್ಲಗಳೆಯದೆ, ನೀನು ಮೊದಲು ಬಂದದ್ದು ನಿಜ, ಆದರೆ ನಾನು ಮೊದಲು ನೋಡಿದ್ದು ಅರ್ಜುನನನ್ನು, ಆದ್ದರಿಂದ ಇಬ್ಬರಿಗೂ ನೆರವಾಗುತ್ತೇನೆ ಎಂದು ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ. ಒಂದು ಕಡೆ ನಾರಾಯಣರೆಂಬ ಗೋಪಯೋಧರ ದೊಡ್ಡ ಪಡೆ. ಇನ್ನೊಂದು ಕಡೆ ಆಯುಧ ಹಿಡಿಯದ, ಯುದ್ಧಮಾಡದ ತಾನು. ಕಿರಿಯನಾದ ಅರ್ಜುನ ಮೊದಲು ಆರಿಸಿಕೊಳ್ಳಲಿ. ಅರ್ಜುನ ಕೃಷ್ಣನನ್ನು ಕೇಳುತ್ತಾನೆ. ದುರ್ಯೋಧನ ಪಡೆ ಪಡೆದು ಸಂತೋಷಪಡುತ್ತಾನೆ.

ಹರಿಕಥೆ, ತಾಳಮದ್ದಳೆಗಳಲ್ಲಿ ಈ ಸನ್ನಿವೇಶ ಅರ್ಜುನನ ವಿವೇಕ ಮತ್ತು ಕೌರವನ ಅವಿವೇಕಗಳ ದೃಷ್ಟಾಂತವಾಗಿ ನೆಲೆಗೊಂಡಿದೆ. ಕೊಡುವವನ ಕಡೆಯಿಂದ ನೋಡಿದಾಗ ಬೇರೆಯದೇ ಚಿತ್ರ ಕಾಣುತ್ತದೆ. ಆ ದಿನ ದ್ವಾರಕೆ ಕೊಟ್ಟದ್ದು ಎರಡು ನೆರವಲ್ಲ, ಐದು ಉತ್ತರ. ಕೃಷ್ಣ ನಿರಾಯುಧನಾಗಿ ಒಂದು ಕಡೆ; ಅವನದೇ ಪಡೆ ಇನ್ನೊಂದು ಕಡೆ; ಕೃತವರ್ಮ ಒಂದು ಅಕ್ಷೌಹಿಣಿಯೊಡನೆ ಕೌರವನಿಗೆ; ಸಾತ್ಯಕಿ ಒಂದು ಅಕ್ಷೌಹಿಣಿಯೊಡನೆ ಪಾಂಡವರಿಗೆ; ಬಲರಾಮ ಯಾರಿಗೂ ಇಲ್ಲ. ಬಲರಾಮನ ತಾಟಸ್ಥ್ಯದ ಕಾರಣವೂ ಸ್ವಾರಸ್ಯವಾಗಿದೆ. ನಿನ್ನ ಪರವಾಗಿ ವಿರಾಟನ ಮನೆಯಲ್ಲಿ ಮಾತಾಡಿದೆ, ಕೃಷ್ಣ ಒಪ್ಪಲಿಲ್ಲ, ಅವನನ್ನು ಬಿಟ್ಟು ಕ್ಷಣವೂ ಇರಲಾರೆ, ಆದ್ದರಿಂದ ಪಾರ್ಥನಿಗೂ ನಿನಗೂ ನೆರವಾಗಲಾರೆ ಎಂದು ಅವನು ದುರ್ಯೋಧನನಿಗೆ ಹೇಳುತ್ತಾನೆ. ಇದು ನ್ಯಾಯಾನ್ಯಾಯಗಳನ್ನು ತೂಗಿ ತಳೆದ ತಾಟಸ್ಥ್ಯವಲ್ಲ. ಮನೆ ಒಡೆಯಬಾರದೆಂಬ ತಾಟಸ್ಥ್ಯ. ಒಡೆಯುವುದು ಆಗಲೇ ಆಗಿಹೋಗಿತ್ತು.

ನೆರವನ್ನು ಹೀಗೆ ಪಾಲುಮಾಡುವುದು, ಆಯುಧವನ್ನೂ ಆಳನ್ನೂ ಬೇರ್ಪಡಿಸುವುದು, ಪುರಾಣಕಾಲದ ವಿಚಿತ್ರವೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಒಂಟಿಯಾದಾಗ ಅಮೆರಿಕ ಸೈನಿಕರನ್ನು ಕಳುಹಿಸದೆ ಶಸ್ತ್ರಾಸ್ತ್ರಗಳನ್ನು ಮಾತ್ರ ಒದಗಿಸುವ ದಾರಿ ಹುಡುಕಿತು. ಅಧ್ಯಕ್ಷ ರೂಸ್‌ವೆಲ್ಟ್ 1940ರ ಡಿಸೆಂಬರಿನಲ್ಲಿ ಪತ್ರಕರ್ತರೆದುರು ನೆರೆಮನೆಗೆ ಬೆಂಕಿ ಬಿದ್ದಾಗ ತೋಟದ ನೀರಿನ ಕೊಳವೆಯನ್ನು ಎರವಲು ಕೊಡುವ ಹೋಲಿಕೆ ಹೇಳಿದರು: ಬೆಲೆ ಕೇಳುವುದಿಲ್ಲ, ಬೆಂಕಿ ಆರಿದ ಮೇಲೆ ಕೊಳವೆ ಮರಳಿ ಬಂದರೆ ಸಾಕು. ಯುದ್ಧಸಾಮಗ್ರಿಯನ್ನು ಎರವಲು ಕೊಡುವುದು ಚೂಯಿಂಗ್ ಗಮ್ ಎರವಲು ಕೊಟ್ಟಂತೆ, ಅದು ಮರಳಿ ಬರುವುದು ಯಾರಿಗೂ ಬೇಡ ಎಂಬುದು ಸೆನೆಟರ್ ರಾಬರ್ಟ್ ಟ್ಯಾಫ್ಟ್ ಅವರ ತಿರುಗುಬಾಣ. ತೀವ್ರ ಚರ್ಚೆಯ ಬಳಿಕ 1941ರ ಮಾರ್ಚ್ 11ರಂದು ಎರವಲು-ಗುತ್ತಿಗೆ ಕಾಯಿದೆಗೆ ಸಹಿ ಬಿತ್ತು. ಆ ವರ್ಷ ಮುಗಿಯುವುದರೊಳಗೆ ಪರ್ಲ್ ಹಾರ್ಬರ್ ದಾಳಿಯಾಗಿ ಅಮೆರಿಕ ತಾನೇ ಯುದ್ಧದಲ್ಲಿತ್ತು. 2022ರಿಂದ ಈಚೆಗೆ ಉಕ್ರೇನಿನ ನೆರವಿನ ಬಗೆಗೆ ಪಾಶ್ಚಾತ್ಯ ಶಾಸನಸಭೆಗಳಲ್ಲಿ ನಡೆದ ವಾದಗಳಲ್ಲಿಯೂ ಆಯುಧ ಸರಿ, ಸೈನಿಕರು ಬೇಡ ಎಂಬ ಗೆರೆ ಮತ್ತೆ ಮತ್ತೆ ಎಳೆಯಲ್ಪಟ್ಟಿತು. ಕೃಷ್ಣ ಎಳೆದ ಗೆರೆ ಇದಕ್ಕೆ ತಲೆಕೆಳಗಾದುದು: ಆಳುಗಳು ಒಂದು ಕಡೆಗೆ, ಆಯುಧವಿಲ್ಲದ ತಾನು ಇನ್ನೊಂದು ಕಡೆಗೆ. ಎರಡೂ ಗೆರೆಗಳ ಹಿಂದೆ ಇರುವ ಆಸೆ ಒಂದೇ, ಯುದ್ಧದ ಒಳಗಿದ್ದೂ ಹೊರಗಿರುವುದು.

ಆ ಗೆರೆ ರಣರಂಗದಲ್ಲಿ ಎಷ್ಟು ಕಾಲ ಉಳಿಯಿತು? ದ್ರೋಣಪರ್ವದಲ್ಲಿ ಸಂಶಪ್ತಕರೊಡನೆ ಸೇರಿ ಅರ್ಜುನನನ್ನು ಮುತ್ತುವವರಲ್ಲಿ ಇದೇ ನಾರಾಯಣರಿದ್ದಾರೆ. ಅರ್ಜುನ ತ್ವಾಷ್ಟ್ರವೆಂಬ ಅಸ್ತ್ರವನ್ನು ಬಿಡುತ್ತಾನೆ. ಕಣ್ಣೆದುರು ನೂರಾರು ರೂಪಗಳು ಕಾಣಿಸಿ ಅವರು ಇವನೇ ಅರ್ಜುನ, ಇವನೇ ಗೋವಿಂದ ಎಂದು ಭ್ರಮಿಸಿ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ರಥದ ಕುದುರೆಗಳ ಹಗ್ಗ ಹಿಡಿದು ಕುಳಿತವನು ಅವರ ಒಡೆಯ. ತಾನು ಕೊಟ್ಟ ಸೈನಿಕರು ತನ್ನ ಹೆಸರನ್ನೇ ಕೂಗುತ್ತ ಪರಸ್ಪರ ಇರಿದುಕೊಂಡು ಸಾಯುವುದನ್ನು ಅವನು ನೋಡುತ್ತಾನೆ. ವ್ಯಾಸರು ಅವನ ಮನಸ್ಸನ್ನು ಇಲ್ಲಿ ಬಿಡಿಸಿ ಹೇಳಹೋಗುವುದಿಲ್ಲ; ಯಾದವರು ಯಾದವರಿಂದ ಸಾಯುವ ಮುಂದಿನ ಕಥೆಯ ನೆರಳು ಮಾತ್ರ ಇಲ್ಲಿ ಬಿದ್ದಿದೆ.

ಹದಿನೆಂಟು ದಿನಗಳ ಬಳಿಕ ಉಳಿದವರ ಪಟ್ಟಿಯನ್ನು ನೋಡಬೇಕು. ಕೌರವನ ಪಕ್ಷದಲ್ಲಿ ಅಶ್ವತ್ಥಾಮ, ಕೃಪ, ಕೃತವರ್ಮ. ಪಾಂಡವರ ಪಕ್ಷದಲ್ಲಿ ಐವರು ಸೋದರರು, ಕೃಷ್ಣ, ಸಾತ್ಯಕಿ. ಎರಡು ಅಕ್ಷೌಹಿಣಿಗಳನ್ನು ಎದುರುಬದುರು ನಡೆಸಿ ಬಂದ ಇಬ್ಬರು ಯಾದವವೀರರೂ ಬದುಕಿ ಒಂದೇ ಊರಿಗೆ ಮರಳಿದರು. ಸೌಪ್ತಿಕದ ರಾತ್ರಿ ಪಾಂಡವರ ಪಾಳೆಯದ ಬಾಗಿಲಲ್ಲಿ ನಿಂತು, ಓಡಿಬಂದವರನ್ನು ಕೊಂದವರಲ್ಲಿ ಕೃತವರ್ಮನೂ ಒಬ್ಬ. ಕೈ ಕತ್ತರಿಸಿಹೋಗಿ ಪ್ರಾಯೋಪವೇಶಕ್ಕೆ ಕುಳಿತಿದ್ದ ಭೂರಿಶ್ರವನ ತಲೆ ತರಿದವನು ಸಾತ್ಯಕಿ.

ಸ್ತ್ರೀಪರ್ವದಲ್ಲಿ ಗಾಂಧಾರಿ ಕೃಷ್ಣನ ಮೇಲೆ ಹೊರಿಸುವ ಆರೋಪವನ್ನು ಈ ಬೆಳಕಿನಲ್ಲಿ ಓದಬೇಕು. ಶಕ್ತನಾಗಿದ್ದೂ, ಅಪಾರ ಪರಿವಾರ ಮತ್ತು ದೊಡ್ಡ ಬಲ ಕೈಯಲ್ಲಿದ್ದೂ ನೀನು ಉಪೇಕ್ಷಿಸಿದೆ ಎಂಬುದು ಅವಳ ದೂರು. ಸಂಧಾನಕ್ಕಾಗಿ ಹಸ್ತಿನಾವತಿಗೆ ತಾನೇ ಬಂದು ಹೋದವನನ್ನು ಹೀಗೆ ದೂರುವುದು ಅನ್ಯಾಯವೆಂದು ತೋರಬಹುದು. ಆಶ್ವಮೇಧಿಕಪರ್ವದಲ್ಲಿ ಉತ್ತಂಕನೂ ಇದೇ ಕಾರಣಕ್ಕೆ ಶಪಿಸಲು ಮುಂದಾದಾಗ ಕೃಷ್ಣನು ತನ್ನ ಪ್ರಯತ್ನಗಳನ್ನು ವಿವರಿಸಿ ಅವನನ್ನು ಸಮಾಧಾನಪಡಿಸುತ್ತಾನೆ. ಗಾಂಧಾರಿಗೆ ಅಂಥ ವಿವರಣೆ ಸಲ್ಲುವುದಿಲ್ಲ. ಅವಳು ಸಂಧಾನದ ಮಾತೆತ್ತದೆ ಬಲದ ಮಾತೆತ್ತುತ್ತಾಳೆ. ಯುದ್ಧವನ್ನು ತಡೆಯಬಹುದಾಗಿದ್ದ ಬಲವನ್ನು ಯುದ್ಧ ನಡೆಯುವುದಕ್ಕೆಂದು ಎರಡೂ ಕಡೆಗೆ ಹಂಚಿದ್ದೇ ಉಪೇಕ್ಷೆ ಎಂದು ಅವಳ ಮಾತನ್ನು ಅರ್ಥೈಸಲು ಅವಕಾಶವಿದೆ. ಇಂದಿನಿಂದ ಮೂವತ್ತಾರನೆಯ ವರ್ಷ ನಿನ್ನ ಜ್ಞಾತಿಗಳೂ ಹೀಗೆಯೇ ಪರಸ್ಪರ ಹೊಡೆದಾಡಿ ಸಾಯುತ್ತಾರೆ ಎಂಬ ಶಾಪವನ್ನು ಕೃಷ್ಣ ನಸುನಗುತ್ತ ಒಪ್ಪಿಕೊಳ್ಳುತ್ತಾನೆ.

ಪ್ರಭಾಸದ ಕಲಹ ಮದ್ಯಪಾನದಿಂದ ಆರಂಭವಾದರೂ ಅದರ ಮಾತುಗಳೆಲ್ಲ ಕುರುಕ್ಷೇತ್ರದವು. ಸತ್ತವರಂತೆ ಮಲಗಿದ್ದವರನ್ನು ಯಾವ ಕ್ಷತ್ರಿಯ ಕೊಂದಾನು ಎಂದು ಸಾತ್ಯಕಿ ಕೃತವರ್ಮನನ್ನು ಮೂದಲಿಸುತ್ತಾನೆ. ಪ್ರದ್ಯುಮ್ನ ಭೇಷ್ ಎನ್ನುತ್ತಾನೆ. ಕೃತವರ್ಮ ಎಡಗೈ ತೋರಿಸಿ ಭೂರಿಶ್ರವನ ಕಥೆ ತೆಗೆಯುತ್ತಾನೆ. ಆಗ ಸಾತ್ಯಕಿ ಸ್ಯಮಂತಕಮಣಿಯ ಹಳೆಯ ಜಗಳವನ್ನು ಕೆದಕುತ್ತಾನೆ. ಅದನ್ನು ಕೇಳಿ ಸತ್ಯಭಾಮೆ ಅಳುತ್ತಾಳೆ. ಯಾದವರ ಒಡಕು ಯುದ್ಧಕ್ಕಿಂತ ಹಳೆಯದು ಎಂಬುದಕ್ಕೆ ಇದು ಸಾಕ್ಷಿ. ಯುದ್ಧದ ನೆರವು ಒಡಕನ್ನು ಹುಟ್ಟಿಸಿತೆಂದರೆ ಅತಿಯಾದೀತು, ಹಳೆಯ ಒಡಕಿಗೆ ಹೊಸ ಲೆಕ್ಕ ಕೂಡಿಸಿತು ಎನ್ನಬಹುದು. ದ್ರೌಪದಿಯ ಮಕ್ಕಳೂ ಧೃಷ್ಟದ್ಯುಮ್ನ ಶಿಖಂಡಿಗಳೂ ಹೋದ ದಾರಿಗೇ ನಿನ್ನನ್ನು ಕಳುಹಿಸುತ್ತೇನೆಂದು ಸಾತ್ಯಕಿ ಕೃತವರ್ಮನ ತಲೆ ಹಾರಿಸುತ್ತಾನೆ. ಭೋಜರೂ ಅಂಧಕರೂ ಸುತ್ತುವರಿದು ಸಾತ್ಯಕಿಯನ್ನೂ ಪ್ರದ್ಯುಮ್ನನನ್ನೂ ಕೊಲ್ಲುತ್ತಾರೆ. ಅಲ್ಲಿಂದ ಮುಂದೆ ಜೊಂಡುಹುಲ್ಲೂ ಒನಕೆಯಾಗುತ್ತದೆ.

ಕನ್ನಡ ಭಾರತಗಳಲ್ಲಿ ಈ ಎರಡು ತುದಿಗಳು ಒಟ್ಟಿಗೆ ಕಾಣುವುದು ಅಪರೂಪ. ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ, ರನ್ನನದು ಭೀಮನ ಪಟ್ಟಕ್ಕೆ. ಪಂಪನಿಗೆ ನೆರವಿನ ಪ್ರಶ್ನೆ ಅಪರಿಚಿತವಾದುದಲ್ಲ: ಅವನ ಆಶ್ರಯದಾತ ಅರಿಕೇಸರಿ ಮರೆಹೊಕ್ಕ ವಿಜಯಾದಿತ್ಯನನ್ನು ಸಾರ್ವಭೌಮನಾದ ರಾಷ್ಟ್ರಕೂಟ ಗೋವಿಂದನಿಗೆ ಒಪ್ಪಿಸದೆ ಕಾಪಾಡಿದ ಸಂಗತಿಯನ್ನು ಕವಿ ಹೆಮ್ಮೆಯಿಂದ ಕಾವ್ಯದಲ್ಲಿ ತರುತ್ತಾನೆ. ಆದರೆ ಗೆದ್ದ ನೆರವನ್ನು ಹಾಡುವ ಆಸ್ಥಾನದಲ್ಲಿ ಮೌಸಲಕ್ಕೆ ಸ್ಥಳವಿರಲಿಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಮುಗಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದರೂ ಗಮಕಿಗಳ ಬಾಯಲ್ಲಿ ನಿಂತದ್ದು ಮೊದಲ ಹತ್ತೇ. ಹೀಗಾಗಿ ದ್ವಾರಕೆಯ ಆ ಬೆಳಗು ನಾಡಿನ ಕೇಳುಗರಿಗೆ ಭಗವಂತನ ಲೀಲೆಯಾಗಿ ಉಳಿಯಿತು, ಅದರ ಬೆಲೆ ಕೇಳಿಸಲಿಲ್ಲ. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಮದ್ರದೇಶದ ಶಲ್ಯನಿಂದ, ಅಂದರೆ ಯಾವ ಪಕ್ಷ ಸೇರಬೇಕೆಂಬ ಅಂಚಿನ ರಾಜನೊಬ್ಬನ ಗೊಂದಲದಿಂದ ಆರಂಭವಾಗುವುದೂ, ಯುಯುಧಾನನೆಂಬ ಹೆಸರಿನಲ್ಲಿ ಸಾತ್ಯಕಿಗೆ ಅಲ್ಲಿ ತನ್ನದೇ ಕಣ್ಣು ದೊರೆಯುವುದೂ ಈ ಕೊರತೆಯ ಹಿನ್ನೆಲೆಯಲ್ಲಿ ಮಹತ್ತ್ವದ ಸಂಗತಿಗಳು.

ನೆರವು ಪಡೆದವನ ಕಡೆಯ ಮಾತೊಂದು ಉಳಿದಿದೆ. ಸುದ್ದಿ ತಿಳಿದು ಅರ್ಜುನ ದ್ವಾರಕೆಗೆ ಬಂದಾಗ ಅವನ ಪಾಲಿಗೆ ಉಳಿದದ್ದು ಯಾದವರ ಹೆಂಗಸರು, ಮಕ್ಕಳು, ಮುದುಕರು. ಅವರನ್ನು ಕರೆತರುವ ದಾರಿಯಲ್ಲಿ ದೊಣ್ಣೆ ಹಿಡಿದ ಆಭೀರರು ಮೇಲೆ ಬೀಳುತ್ತಾರೆ. ಗಾಂಡೀವಕ್ಕೆ ಹೆದೆಯೇರಿಸುವುದೇ ಕಷ್ಟವಾಗುತ್ತದೆ, ಅಸ್ತ್ರಗಳು ನೆನಪಿಗೆ ಬಾರವು, ಬಾಣಗಳು ತೀರುತ್ತವೆ. ಕೃಷ್ಣನನ್ನು ಆರಿಸಿಕೊಂಡು ಗೆದ್ದವನು ಕೃಷ್ಣನ ಮನೆಯ ಹೆಂಗಸರನ್ನು ಪೂರ್ತಿಯಾಗಿ ಕಾಯಲಾರದೆ ಹೋಗುತ್ತಾನೆ. ಉಳಿದವರೊಡನೆ ಮುಂದುವರಿದು ಅವನು ಕೃತವರ್ಮನ ಮಗನನ್ನು ಮಾರ್ತಿಕಾವತದಲ್ಲಿಯೂ, ಸಾತ್ಯಕಿಯ ಮಗನನ್ನು ಅಲ್ಲಿಂದ ಬೇರೆಯಾಗಿ ಸರಸ್ವತಿಯ ದಡದಲ್ಲಿಯೂ ನೆಲೆಗೊಳಿಸುತ್ತಾನೆ.