ಪ್ರತಿಷ್ಠೆಯ ಹಬ್ಬವೂ ಕ್ರೈಸ್ತ ವಿಶ್ವಾಸಿಗಳೂ

ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನು ಒಳ್ಳೇ ಕುರುಬನ ಅಧ್ಯಾಯವೆಂದು ನಾವು ಬಾಲ್ಯದಿಂದಲೂ ಬಲ್ಲೆವು. ಅದೇ ಅಧ್ಯಾಯದಲ್ಲಿ ಯೆರೂಸಲೇಮಿನ ಒಂದು ಚಳಿಗಾಲದ ಹಬ್ಬದ ಪ್ರಸ್ತಾಪವುಂಟು. ಅದೇ ಪ್ರತಿಷ್ಠೆಯ ಹಬ್ಬ. ಯೆಹೂದ್ಯರು ಅದನ್ನು ಹನುಕ್ಕಾ ಎಂದು ಕರೆಯುತ್ತಾರೆ. ಪಸ್ಕ, ಪಂಚಾಶತ್ತಮ, ಪರ್ಣಶಾಲೆ ಈ ಹಬ್ಬಗಳು ಮೋಶೆಯ ಧರ್ಮಶಾಸ್ತ್ರದಿಂದ ಬಂದವುಗಳು. ಇದಾದರೋ ಮೋಶೆಯ ಪುಸ್ತಕಗಳಲ್ಲಿಲ್ಲ. ಹಾಗಾದರೆ ಇದು ಎಲ್ಲಿಂದ ಬಂದಿತು? ಇದರಿಂದ ನಮಗೆ ದೊರೆಯುವ ಪಾಠವೇನು? ಈ ಎರಡನ್ನೂ ಇಲ್ಲಿ ವಿಚಾರಿಸೋಣ.

ಕ್ರಿಸ್ತ ಪೂರ್ವ 167 ರಲ್ಲಿ ಸಿರಿಯದ ಅರಸನಾದ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಮತವನ್ನು ನಿರ್ಮೂಲಮಾಡಲು ತೊಡಗಿದನು. ಇವನು ತನಗೆ 'ಎಪಿಫನೇಸ್' ಎಂದು, ಅಂದರೆ ಪ್ರತ್ಯಕ್ಷನಾದ ದೇವರೆಂದು, ಬಿರುದನ್ನು ಇಟ್ಟುಕೊಂಡವನು. ಸುನ್ನತಿಯನ್ನೂ ಸಬ್ಬತ್ ದಿನದ ಆಚರಣೆಯನ್ನೂ ನಿಷೇಧಿಸಿದನು. ದೇವಾಲಯದ ಯಜ್ಞವೇದಿಯನ್ನು ಅಶುದ್ಧಮಾಡಿಸಿದನು. ಆಗ ಮೋದೇನೆಂಬ ಊರಿನ ಯಾಜಕನಾದ ಮತ್ತಾತಿಯನೂ ಅವನ ಮಕ್ಕಳೂ ಎದುರುಬಿದ್ದರು. ಅವನ ಮಗನಾದ ಯೂದ ಮಕ್ಕಬಿಯನು ಕ್ರಿಸ್ತ ಪೂರ್ವ 164 ರಲ್ಲಿ ಕಿಸ್ಲೇವ್ ಮಾಸದ 25 ನೆಯ ದಿನ ದೇವಾಲಯವನ್ನು ದೇವರಿಗೆ ತಿರಿಗಿ ಪ್ರತಿಷ್ಠಿಸಿದನು. ಆ ಉತ್ಸವವು ಎಂಟು ದಿನ ನಡೆಯಿತು. ಈ ಚರಿತ್ರೆಯು ಮಕ್ಕಬಿಯರ ಪುಸ್ತಕಗಳಲ್ಲಿದೆ. ಅವು ರೋಮನ್ ಕಥೋಲಿಕರ ಸತ್ಯವೇದದಲ್ಲಿ ಉಂಟು. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಇಲ್ಲವಾದಕಾರಣ ನಮ್ಮಲ್ಲಿ ಅನೇಕರಿಗೆ ಪರಿಚಯವಿಲ್ಲ.

ಆ ಪುಸ್ತಕಗಳೊಳಗೆ ಒಬ್ಬ ತಾಯಿಯ ಕಥೆಯುಂಟು. ನಿಷಿದ್ಧವಾದ ಮಾಂಸವನ್ನು ತಿನ್ನಲೊಲ್ಲದ ಅವಳ ಏಳು ಮಂದಿ ಗಂಡುಮಕ್ಕಳನ್ನು ಅರಸನು ಒಬ್ಬೊಬ್ಬರನ್ನಾಗಿ ಹಿಂಸಿಸಿ ಕೊಲ್ಲಿಸಿದನು. ತಾಯಿಯು ಅವರಿಗೆ ಧೈರ್ಯಹೇಳುತ್ತಾ ನಿಂತು ಕಡೆಗೆ ತಾನೂ ಸತ್ತಳು. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ, ಬಿಡುಗಡೆಯನ್ನು ಒಲ್ಲದೆ ಹಿಂಸೆಗೆ ಒಪ್ಪಿಸಿಕೊಂಡವರೆಂದು ಹೇಳಿರುವುದು ಇಂಥವರನ್ನೇ ಕುರಿತದ್ದೆಂದು ಪಂಡಿತರ ಅಭಿಪ್ರಾಯ. ಯೆಹೂದ್ಯ ಗುರುಗಳು ಸಹ, ಆ ಅದ್ಭುತದಲ್ಲಿ ಸ್ತ್ರೀಯರಿಗೂ ಪಾಲುಂಟಾದ್ದರಿಂದ ದೀಪ ಹಚ್ಚುವ ಕರ್ತವ್ಯವು ಅವರಿಗೂ ಇದೆಯೆಂದು ವಿಧಿಸಿದರು.

ಇನ್ನು ದೀಪಗಳ ವಿಷಯ. ಮಹಾಯಾಜಕನ ಮುದ್ರೆಯುಳ್ಳ ಒಂದೇ ಒಂದು ಕುಡಿಕೆ ಎಣ್ಣೆ ಸಿಕ್ಕಿತು, ಒಂದು ದಿನಕ್ಕೆ ಸಾಲತಕ್ಕ ಆ ಎಣ್ಣೆಯು ಎಂಟು ದಿನ ಉರಿಯಿತು ಎಂದು ಅನೇಕ ಶತಮಾನಗಳ ತರುವಾಯ ಕೂಡಿಸಲ್ಪಟ್ಟ ತಲ್ಮೂದ್ ಎಂಬ ಗ್ರಂಥವು ಹೇಳುತ್ತದೆ. ಮೊದಲನೆಯ ರಾತ್ರಿ ಒಂದು ದೀಪ, ಎರಡನೆಯ ರಾತ್ರಿ ಎರಡು, ಹೀಗೆ ದಿನಕ್ಕೊಂದು ಹೆಚ್ಚಿ ಎಂಟನೆಯ ರಾತ್ರಿಗೆ ಎಂಟು. ಒಟ್ಟು 36 ದೀಪಗಳು. ನಮ್ಮ ಪಂಚಾಂಗದಂತೆ ಈ ದಿನಗಳು ಕಾರ್ತಿಕ ಇಲ್ಲವೆ ಮಾರ್ಗಶಿರ ಬಹುಳದ ಕೊನೆಗೆ ಬಂದು ಅಮಾವಾಸ್ಯೆಯನ್ನು ಒಳಗೊಳ್ಳುತ್ತವೆ. ಅಮಾವಾಸ್ಯೆಯ ಕತ್ತಲೆ ಎಂತಹದೆಂಬದನ್ನು ಕಾಡಿನ ಅಂಚಿನ ಮದ್ದೂರಿನ ಸೀಮೆಯವರಾದ ನಮಗೆ ಬೇರೆ ಹೇಳಬೇಕಾಗಿಲ್ಲ. ಚಂದ್ರನು ಕ್ಷೀಣಿಸುವಾಗ ದೀಪಗಳು ಹೆಚ್ಚುವವು.

ಈ ಜನರು ನಮಗೆ ದೂರದವರಲ್ಲ. ಮದ್ದೂರನ್ನು ಹಾದು ವಯನಾಡಿಗೆ ಹೋಗುವ ಮಾರ್ಗವು ನಮ್ಮನ್ನು ಕೇರಳಕ್ಕೆ ಸೇರಿಸುತ್ತದೆ. ಆ ಕೇರಳದ ಕೊಚ್ಚಿಯಲ್ಲಿ 1568 ರಲ್ಲಿ ಕಟ್ಟಿದ ಯೆಹೂದ್ಯರ ಸಭಾಮಂದಿರವು ಇಂದಿಗೂ ನಿಂತಿದೆ. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರು ಎಣ್ಣೆ ತೆಗೆಯುವ ಗಾಣಿಗರಾಗಿದ್ದರು. ಸಬ್ಬತ್ ದಿನ ಗಾಣ ನಿಲ್ಲಿಸುತ್ತಿದ್ದದರಿಂದ ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಪೂರ್ವಕಾಲದಲ್ಲಿ ಇವರಿಗೆ ಪ್ರತಿಷ್ಠೆಯ ಹಬ್ಬವೇ ತಿಳಿದಿರಲಿಲ್ಲ. ಈ ಹಬ್ಬ ಹುಟ್ಟುವುದಕ್ಕೆ ಮೊದಲೇ ತಮ್ಮ ಪಿತೃಗಳು ಸ್ವದೇಶವನ್ನು ಬಿಟ್ಟರೆಂದು ಅವರ ಪರಂಪರೆ. ಇವರಲ್ಲಿ ಸಾಮುವೇಲ ದಿವೇಕರನೆಂಬ ಸೈನಿಕನು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನು. ಇಸ್ರಾಯೇಲಿನವನೆಂದು ತಿಳಿದು ಸುಲ್ತಾನನ ತಾಯಿಯು ಅವನ ಪ್ರಾಣಕ್ಕಾಗಿ ಬೇಡಿಕೊಂಡಳೆಂಬ ಕಥೆಯುಂಟು. ಬಿಡುಗಡೆಯಾದವನು 1796 ರಲ್ಲಿ ಮುಂಬಯಿಯಲ್ಲಿ ತನ್ನ ಜನರಿಗೆ ಸಭಾಮಂದಿರವನ್ನು ಕಟ್ಟಿಸಿದನು. ಅದರ ಹೆಸರು 'ಕರುಣೆಯ ಬಾಗಿಲು' ಎಂದು.

ಈಗ ಸೊಲೊಮೋನನ ಮಂಟಪಕ್ಕೆ ತಿರಿಗಿ ಹೋಗೋಣ. ಯೂದನು ದೇವಾಲಯವನ್ನು ಶುದ್ಧಮಾಡಿದಾಗ ಹೊಲೆಯಾದ ಯಜ್ಞವೇದಿಯನ್ನು ಕೆಡವಿ, ಅದರ ಕಲ್ಲುಗಳನ್ನು ಏನು ಮಾಡಬೇಕೆಂಬದನ್ನು ತಿಳಿಸುವ ಪ್ರವಾದಿಯು ಬರುವ ತನಕ ಅವನ್ನು ಆ ಗುಡ್ಡದಲ್ಲಿಯೇ ಇರಿಸಿದನಂತೆ. ಆದದರಿಂದ ಈ ಹಬ್ಬದೊಳಗೆ ಜಯದ ಸಂತೋಷದ ಜೊತೆಯಲ್ಲಿ ನಿರೀಕ್ಷೆಯೂ ಇತ್ತು. ಆ ಜಯವು ಮನುಷ್ಯನ ಹೃದಯವನ್ನು ಶುದ್ಧಮಾಡಲಿಲ್ಲವೆಂಬದಕ್ಕೆ ಚರಿತ್ರೆಯೇ ಸಾಕ್ಷಿ. ಮಕ್ಕಬಿಯರ ವಂಶದ ಯೋಹಾನ ಹಿರ್ಕಾನನು ಎದೋಮ್ಯರಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿದನು. ತಮ್ಮ ತಾತಂದಿರಿಗೆ ಸುನ್ನತಿಯನ್ನು ಬಲಾತ್ಕಾರದಿಂದ ತಪ್ಪಿಸಿದ್ದನ್ನು ಮರೆತರು. ಆ ಎದೋಮ್ಯರ ವಂಶದಲ್ಲಿಯೇ ಹೆರೋದನು ಹುಟ್ಟಿದನು.

ಅಂಥ ಹಬ್ಬದ ದಿನ ಜನರು ಯೇಸುಸ್ವಾಮಿಯನ್ನು ಸುತ್ತಿಕೊಂಡು, ನೀನು ಕ್ರಿಸ್ತನೋ ಎಂದು ಕೇಳಿದರು. ಆತನ ಉತ್ತರವನ್ನು ಕೇಳಿ, ಮನುಷ್ಯನಾಗಿ ತನ್ನನ್ನು ದೇವರಾಗಿ ಮಾಡಿಕೊಳ್ಳುತ್ತಾನೆಂದು ಕಲ್ಲುಗಳನ್ನೆತ್ತಿಕೊಂಡರು. ತನ್ನನ್ನು ದೇವರೆಂದುಕೊಂಡ ಅಂತಿಯೋಕನ ನೆನಪಿನ ಹಬ್ಬದಲ್ಲಿ ಅವರು ಹೀಗೆ ಕೆರಳಿದ್ದು ಆಶ್ಚರ್ಯವಲ್ಲ. ನಾವು ಅವರನ್ನು ತೀರ್ಪುಮಾಡತಕ್ಕದ್ದಲ್ಲ. ಯೂರೋಪಿನ ಕ್ರೈಸ್ತರು ಶತಮಾನಗಳ ಕಾಲ ಯೆಹೂದ್ಯರಿಗೆ ಮಾಡಿದ ಅನ್ಯಾಯವು ನಮ್ಮ ಬಾಯಿ ಮುಚ್ಚಿಸತಕ್ಕದ್ದಾಗಿದೆ. ಸ್ವಾಮಿಯಾದರೋ ತನ್ನ ಕ್ರಿಯೆಗಳನ್ನು ನೋಡಿರೆಂದನು. ತಂದೆಯು ತನ್ನನ್ನು ಪ್ರತಿಷ್ಠಿಸಿ ಕಳುಹಿಸಿದನೆಂದನು. ಅಂತಿಯೋಕನು ತನ್ನ ಮಹಿಮೆಗಾಗಿ ಇತರರ ಪ್ರಾಣವನ್ನು ತೆಗೆದನು. ಒಳ್ಳೇ ಕುರುಬನು ಇತರರಿಗಾಗಿ ತನ್ನ ಪ್ರಾಣವನ್ನು ಕೊಟ್ಟನು. ದೇವರು ಯಾರೆಂಬದನ್ನು ಗುರುತಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕೆ?

ಪ್ರಿಯ ವಿದ್ಯಾರ್ಥಿನಿಯರೇ, ಈ ಹಬ್ಬವನ್ನು ನಾವು ಆಚರಿಸಲೇಬೇಕೆಂಬ ವಿಧಿಯಿಲ್ಲ. ಅದು ಯೆಹೂದ್ಯರ ಸ್ವಂತ ಸ್ವತ್ತಾಗಿರುತ್ತದೆ. ಆದರೆ ಅದರ ಪಾಠವನ್ನು ಕಲಿಯದೆ ಬಿಡಬಾರದು. ವಿಶ್ವಾಸಿಯ ದೇಹವೇ ದೇವರ ಆಲಯವೆಂದು ಪೌಲನು ಕೊರಿಂಥದವರಿಗೆ ಬೋಧಿಸಿದನು. ಆಲಯವು ಒಂದು ಸಾರಿ ಹೊಲೆಯಾದರೆ ತೀರಿತೆಂದು ನಿರಾಶೆಪಡಬೇಡಿರಿ, ಅದನ್ನು ತಿರಿಗಿ ಪ್ರತಿಷ್ಠಿಸಬಹುದು. ಒಂದು ಸಾರಿ ಶುದ್ಧವಾದರೆ ಸಾಕೆಂದು ಗರ್ವಪಡಲೂ ಬೇಡಿರಿ, ಹಿರ್ಕಾನನನ್ನು ನೆನಸಿರಿ. ನಿನ್ನೆ ಹಚ್ಚಿದ್ದು ಒಂದೇ ದೀಪವಾಗಿದ್ದರೆ ಇಂದು ಎರಡನ್ನು ಹಚ್ಚಿರಿ.